ವೇದಿಕೆಗೆ ಧಕ್ಕೆಯಾಗದಂತೆ ಫುಟ್ಬಾಲ್

ಅಂತರರಾಷ್ಟ್ರೀಯ ಯುವ ಫುಟ್ಬಾಲ್ ಚಾಂಪಿಯನ್‌ಶಿಪ್‌ನ ಅಂಗವಾಗಿ ಗಂಗಾವತಿಯಲ್ಲಿ ಏರ್ಪಡಿಸಿದ್ದ ಬಾಲಕಿಯರ ಸೌಹಾರ್ದ ಪಂದ್ಯವು ವೇದಿಕೆಗೆ ಯಾವುದೇ ಧಕ್ಕೆಯಾಗದಂತೆ ಸಂಪನ್ನಗೊಂಡಿದೆ. ಈ ಬಗ್ಗೆ ಸ್ವಾಗತ ಸಮಿತಿಯು ಹರ್ಷ ವ್ಯಕ್ತಪಡಿಸಿದೆ. ದೈಹಿಕ ಶಿಕ್ಷಕಿ ಸುರೇಖಾ ಅವರ ಹರ್ಷವನ್ನು ಯಾರೂ ಕೇಳಿಲ್ಲವಾದರೂ, ಅವರಿಗೂ ಹರ್ಷವಾಗಿದೆ.

ಉರುಗ್ವೆ ದೇಶದ ಬಾಲಕಿಯರ ತಂಡ ಚಾಂಪಿಯನ್‌ಶಿಪ್‌ಗೆಂದು ಭಾರತಕ್ಕೆ ಬಂದಿತ್ತು. ನಡುವೆ ಬಿಡುವು ಸಿಕ್ಕಿದ್ದರಿಂದ ಹಂಪಿ, ಆನೆಗೊಂದಿ ನೋಡಿಕೊಂಡು, ಹೋಗುವಾಗ ಅಲ್ಲಿಯ ಹುಡುಗಿಯರ ಜೊತೆ ಒಂದು ಆಟ ಆಡಿ ಹೋಗುತ್ತೇವೆ ಎಂದು ಹೇಳಿಕಳಿಸಿತು. ಆ ಭಾಗ್ಯ ಸುರೇಖಾ ಟೀಚರ್ ತಂಡಕ್ಕೆ ಬಂತು. ಅವರ ಹುಡುಗಿಯರು ಭತ್ತ ಕೊಯ್ದ ಗದ್ದೆಯಲ್ಲಿ, ಕೂಳೆ ಚುಚ್ಚಿಸಿಕೊಂಡು ಆಟ ಕಲಿತವರು. ನಾಯಕಿ ಅಂಜಲಿ ಆನೆಗೊಂದಿಯಲ್ಲಿ ಬಾಳೆನಾರಿನ ಬುಟ್ಟಿ ಹೆಣೆಯುವ ಕರಿಯವ್ವನ ಮಗಳು. ಸುದ್ದಿ ಕೇಳಿದಂದಿನಿಂದ ಮಗಳು ಬೂಟು ಹಾಕಿಕೊಂಡೇ ಮಲಗುತ್ತಾಳೆಂದು ಕರಿಯವ್ವ ಶಾಲೆಗೆ ಬಂದು ದೂರು ಕೊಟ್ಟಿದ್ದಳು.

ವಿದೇಶಿಯರು ಬರುವುದರಿಂದ ಸ್ವಾಗತ ಸಮಿತಿ ಬೇಕಾಯಿತು. ಸಮಿತಿಗೆ ಅಧ್ಯಕ್ಷರು ಬೇಕಾಗಿ, ರೈಸ್‌ಮಿಲ್ಲಿನ ಕೊಟ್ರಬಸಪ್ಪನವರು ಒಪ್ಪಿದರು. ಅಧ್ಯಕ್ಷರು ಸಿಕ್ಕಮೇಲೆ ಅವರು ಕೂರಲು ವೇದಿಕೆ ಬೇಕೇ ಬೇಕು. ಪೆಂಡಾಲ್ ಹಾಕುವ ಶಬ್ಬೀರ ಮೈದಾನದ ಅಂಚಿನಲ್ಲಿ, ಗೋಲುಕಂಬದ ಹಿಂದೆ, ಒಂದು ಸಣ್ಣ ವೇದಿಕೆ ಕಟ್ಟಿದ. ಅಲ್ಲಿಗೆ ಮುಗಿಯಬೇಕಿತ್ತು.

ಆದರೆ ಗಿರಣಿ ಮಾಲೀಕರ ಸಂಘ ಮೇಲೆ ಕುಳಿತರೆ ಗೊಬ್ಬರ ವ್ಯಾಪಾರಿಗಳ ಸಂಘ ಕೆಳಗೆ ಕೂರುವುದು ಹೇಗೆ? ವೇದಿಕೆ ಗೋಲುಕಂಬ ದಾಟಿತು. ಅಂತರರಾಷ್ಟ್ರೀಯ ಎಂದಮೇಲೆ ಗಂಗಾವತಿಯೊಂದೇ ಸಾಕೇ ಎಂದು ಕುಷ್ಟಗಿಯವರು ಕೇಳಿದರು. ಕುಷ್ಟಗಿಯವರು ಕೇಳಿದ್ದರಿಂದ ಯಲಬುರ್ಗಾದವರೂ ಕೇಳಿದರು. ಕೊಪ್ಪಳದವರು ಜಿಲ್ಲಾ ಕೇಂದ್ರದವರಾದ್ದರಿಂದ ಕೇಳಲೇ ಇಲ್ಲ, ಬಂದು ಕುರ್ಚಿ ಎಣಿಸಿಕೊಂಡು ಹೋದರು. ವೇದಿಕೆ ಮೈದಾನದ ನಡುಗೆರೆ ಮುಟ್ಟಿತು. ಆಟಗಾರರ ಹಿತದೃಷ್ಟಿಯಿಂದ ಸಮಿತಿ ನಿಯಮಗಳನ್ನೂ ಹೊರಡಿಸಿತು: ಗೋಲ್‌ಕೀಪರ್ ಗಣ್ಯರಿಗೆ ಬೆನ್ನು ಮಾಡಿ ನಿಲ್ಲತಕ್ಕದ್ದಲ್ಲ, ಚೆಂಡು ವೇದಿಕೆ ಏರಿದಲ್ಲಿ ಅದನ್ನು ಆಹ್ವಾನಿತರೆಂದೇ ಪರಿಗಣಿಸತಕ್ಕದ್ದು.

ಸುರೇಖಾ ಅಧ್ಯಕ್ಷರ ಮಿಲ್ಲಿಗೆ ಹೋದರು. ಕೊಟ್ರಬಸಪ್ಪನವರು ಕೆಟ್ಟವರಲ್ಲ. ಚಹಾ ತರಿಸಿದರು.

"ಸಾಹೇಬ್ರ, ಹುಡುಗ್ಯಾರು ಎಲ್ಲಿ ಆಡಬೇಕ್ರಿ?"

"ಉಳದ ಜಾಗಾದಾಗ ಆಡ್ಲಿ ಬಿಡ್ರಿ ಮೇಡಂ. ಆಟ ಹೆಂಗರ ಆಕ್ಕೈತಿ. ಕುರ್ಚಿ ಸಿಗದವರು ಜನ್ಮ ಇರೂತನ ಮಾತಾಡ್ಸಂಗಿಲ್ಲ ನೋಡ್ರಿ."

ಅದು ಸತ್ಯವೇ ಆಗಿತ್ತು. ಸುರೇಖಾ ಚಹಾ ಕುಡಿದು ಬಂದರು. ಮರುದಿನ ಉಳಿದ ಜಾಗದಲ್ಲಿ ಊಟದ ಟೇಬಲ್ಲುಗಳು ಬಂದು ನಿಂತವು.

ಪಂದ್ಯದ ದಿನ ಬೆಳಿಗ್ಗೆಯೇ ಉರುಗ್ವೆಯವರ ಬಸ್ಸು ಬಂತು. ಕಾರ್ಯಕ್ರಮ ನಿರೂಪಣೆಗೆ ಸುರೇಖಾ ಅವರನ್ನೇ ನಿಲ್ಲಿಸಿದ್ದರು. ಹೆಣ್ಣುಮಗಳು, ಧ್ವನಿ ದೊಡ್ಡದಿದೆ ಎಂಬುದು ಕಾರಣ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ ಆದವು. ಒಬ್ಬರು ಕ್ರಿಕೆಟ್ಟಿನ ಮಹತ್ವ ಕುರಿತು ಮಾತಾಡಿದರು. ಇನ್ನೊಬ್ಬರು ಫುಟ್ಬಾಲ್ ಹುಟ್ಟಿದ್ದು ಆನೆಗೊಂದಿಯಲ್ಲೇ ಎಂದು ಸಾಬೀತುಪಡಿಸಿದರು. ಉರುಗ್ವೆಯ ಕೋಚ್ ಮೇಡಂ ಚಪ್ಪಾಳೆ ತಟ್ಟಿ ಒಪ್ಪಿದರು, ಏಕೆಂದರೆ ಅನುವಾದ ಮಾಡುವವರು ಯಾರೂ ಇರಲಿಲ್ಲ. ಗಣ್ಯರು ಗಣ್ಯರಿಗೆ ಶಾಲು ಹೊದಿಸಿದರು. ಹೊತ್ತು ನೆತ್ತಿಗೇರಿತು. ಬಸ್ಸಿನ ಡ್ರೈವರ್ ವಾಚು ನೋಡತೊಡಗಿದ. ಆ ತಂಡ ಸಂಜೆಯ ವಿಮಾನ ಹಿಡಿಯಬೇಕಿತ್ತು.

ವೇದಿಕೆಯ ಮೆಟ್ಟಿಲ ಬಳಿ ಅಂಜಲಿ ಚೆಂಡನ್ನು ಕಾಲಡಿ ಒತ್ತಿಕೊಂಡು ನಿಂತಿದ್ದಳು. ಸುರೇಖಾ ಹತ್ತಿರ ಬಂದಾಗ ಕೇಳಿದಳು: "ಟೀಚರ್, ಅವರು ಹೊಂಟ ಹೋಗ್ತಾರೇನ್ರಿ?"

ಇಂಥ ಸಭೆಗಳಲ್ಲಿ ಯಾವುದರ ನಂತರ ಯಾವುದು ಎಂದು ಹೇಳುವವರು ನಿರೂಪಕರೇ ಎಂಬುದು ಸುರೇಖಾ ಅವರಿಗೆ ಆಗ ಹೊಳೆಯಿತು. ಮೈಕಿನ ಮುಂದೆ ಹೋಗಿ ನಿಂತರು.

"ಮಾನ್ಯ ಗಣ್ಯರಲ್ಲಿ ವಿನಂತಿ. ಊಟ ಸಿದ್ಧವಾಗಿದೆ. ಹೋಳಿಗೆ ಮಿತವಾಗಿರುವುದರಿಂದ ಮೊದಲು ಬಂದವರಿಗೆ ಆದ್ಯತೆ."

ವಾರದಿಂದ ಯಾರೂ ಬಿಟ್ಟುಕೊಡದಿದ್ದ ಕುರ್ಚಿಗಳು ಚಪ್ಪಾಳೆ ಹೊಡೆಯುವಷ್ಟರಲ್ಲಿ ಖಾಲಿಯಾದವು. ಕೊಪ್ಪಳದವರೂ ಕುಷ್ಟಗಿಯವರೂ ಒಂದೇ ಮೆಟ್ಟಿಲಲ್ಲಿ ಒತ್ತಿಕೊಂಡು ಇಳಿದರು. ಸುರೇಖಾ ಸೆರಗು ಸಿಕ್ಕಿಸಿ ಅಧ್ಯಕ್ಷರ ಸೋಫಾಕ್ಕೆ ಕೈ ಹಚ್ಚಿದರು. ಶಬ್ಬೀರ ಓಡಿಬಂದ. ತಡೆಯುತ್ತಾನೆಂದುಕೊಂಡರೆ ಇನ್ನೊಂದು ತುದಿ ಹಿಡಿದ.

"ಜಿಗೀರಿ ಎಷ್ಟ ಬೇಕಾದ್ರೂ," ಎಂದ. "ನಾ ಕಟ್ಟೀನಿ. ಆನಿ ಕುಣದ್ರೂ ಅಳ್ಳಾಡಂಗಿಲ್ಲ."

ಕುರ್ಚಿಗಳೆಲ್ಲ ಕೆಳಗಿಳಿದವು. ಈ ತುದಿಗೆರಡು ಸೋಫಾ, ಆ ತುದಿಗೆರಡು ಸೋಫಾ, ನಡುವೆ ಗೋಲು. ಕೆಂಪು ಜಮಖಾನೆಯ ಮೇಲೆ ಹುಡುಗಿಯರು ಹತ್ತಿದರು. ಕೂಳೆಯಲ್ಲಿ ಆಡಿದ ಕಾಲಿಗೆ ಅದು ಬೆಣ್ಣೆಯಂತಿತ್ತು. ಹಲಗೆಗಳು ಡೊಳ್ಳಿನಂತೆ ಮೊಳಗಿದವು. ಉರುಗ್ವೆಯ ಹುಡುಗಿಯೊಬ್ಬಳು ಸನ್ಮಾನದ ಹೂವಿನ ಮೇಲೆ ಜಾರಿ ಬಿದ್ದು ನಕ್ಕಳು, ಮತ್ತೆ ಎದ್ದು ಗೋಲು ಹೊಡೆದಳು. ಇನ್ನೊಬ್ಬಳು ಹೊಡೆದ ಚೆಂಡು ಕೆಳಗುರುಳಿ ಕೊಟ್ರಬಸಪ್ಪನವರ ಎಲೆಯಲ್ಲಿ, ತುಪ್ಪದ ಹೋಳಿಗೆಯ ಮೇಲೆ ಬಿತ್ತು. ಪಂಕ್ತಿಯಲ್ಲಿದ್ದವರೆಲ್ಲ ಅಧ್ಯಕ್ಷರ ಮುಖ ನೋಡಿದರು. ಅಧ್ಯಕ್ಷರು ಎಂಜಲು ಕೈಯಲ್ಲೇ ಚೆಂಡೆತ್ತಿ ಮೇಲಕ್ಕೆ ಎಸೆದರು. ಎಸೆದ ಮೇಲೆ ಕೂರುವುದು ಮರೆತರು.

"ಅಂಜಲಿ, ಎಡಕ್ಕ ಐತಿ ನೋಡವ್ವ ಜಾಗಾ," ಎಂದು ಸುರೇಖಾ ಮೈಕಿನಲ್ಲೇ ಕೂಗಿದರು.

ಅಂಜಲಿ ನೋಡಿದಳು. ಜಾರುವ ಚೆಂಡು ಎರಡು ಸೋಫಾಗಳ ನಡುವೆ ಹಾದುಹೋಯಿತು. ಯಲಬುರ್ಗಾದ ಒಬ್ಬ ಗಣ್ಯರು ಸಾರಿನ ಬಟ್ಟಲು ಹಿಡಿದೇ ಕುಣಿದರು. ಕೊನೆಗೆ ಇಬ್ಬರದೂ ಸಮ ಆಯಿತು. ಎರಡೂ ತಂಡದವರು ಬೆವರು ಮೈಯಲ್ಲೇ ತಬ್ಬಿಕೊಂಡರು. ಸುರೇಖಾ ಮೈಕು ಆರಿಸಿ ಕಣ್ಣೊರೆಸಿಕೊಂಡರು. ಈ ಪ್ರವಾಸದಲ್ಲಿ ಇಷ್ಟು ಸಮತಟ್ಟಾದ ನೆಲ ಎಲ್ಲೂ ಸಿಗಲಿಲ್ಲವೆಂದು ಕೋಚ್ ಮೇಡಂ ಕೈಸನ್ನೆಯಲ್ಲಿ ತಿಳಿಸಿ ಬಸ್ಸು ಹತ್ತಿದರು.

ಸಮಿತಿಯ ಕೊನೆಯ ಸಭೆಯಲ್ಲಿ, ವೇದಿಕೆಯನ್ನು ಮೊದಲಿನಿಂದಲೂ ಆಟಕ್ಕಾಗಿಯೇ ವಿಸ್ತರಿಸಲಾಗಿತ್ತು ಎಂಬ ಠರಾವು ಸರ್ವಾನುಮತದಿಂದ ಪಾಸಾಯಿತು. ಸುರೇಖಾ ಅವರೇ ಅನುಮೋದಿಸಿದರು. ಬದಲಿಗೆ, ವೇದಿಕೆ ಬಿಚ್ಚಬಾರದು, ಸುತ್ತ ಬಲೆ ಕಟ್ಟಬೇಕು ಎಂದು ಬರೆಸಿಕೊಂಡರು. ಈಗ ಹುಡುಗಿಯರು ದಿನಾ ಸಂಜೆ ಅಲ್ಲೇ ಆಡುತ್ತಾರೆ. ಕುಷ್ಟಗಿಯವರು ಇದಕ್ಕಿಂತ ದೊಡ್ಡ ಫುಟ್ಬಾಲ್ ವೇದಿಕೆಗೆ ಮಂಜೂರಾತಿ ಪಡೆದಿದ್ದಾರೆ. ಅಷ್ಟು ದೊಡ್ಡ ವೇದಿಕೆಯಲ್ಲಿ ಹುಡುಗರು ಆಡುವಾಗ ಗಣ್ಯರೆಲ್ಲ ಎಲ್ಲಿ ಕೂರಬೇಕು ಎಂಬ ಪ್ರಶ್ನೆ ಅಲ್ಲಿ ಎದ್ದಿತ್ತು. ಬಹಳ ಚರ್ಚೆಯ ನಂತರ, ಅದಕ್ಕೆಂದು ಪಕ್ಕದಲ್ಲಿ ಒಂದು ಮೈದಾನ ಮಾಡುವುದೆಂದು ತೀರ್ಮಾನವಾಗಿದೆ.