ಕಣ್ಣಿಗೆ ಹಾಕಿಸಿಕೊಂಡ ಬಿರಡೆ

ಕಣ್ಣೀರನ್ನು ಅಂಗಡಿಯಿಂದ ಕೊಂಡು ತರುವ ಸ್ಥಿತಿ ಶತ್ರುವಿಗೂ ಬೇಡ. ಮನುಷ್ಯನಿಗೆ ಹುಟ್ಟುವಾಗಲೇ ಪುಕ್ಕಟೆಯಾಗಿ ಸಿಗುವ ಕೆಲವೇ ವಸ್ತುಗಳಲ್ಲಿ ಕಣ್ಣೀರೂ ಒಂದು. ಅದನ್ನೂ ಉಳಿಸಿಕೊಳ್ಳಲಾರದ ನಾನು ಬದುಕಿನಲ್ಲಿ ಇನ್ನೇನು ಉಳಿಸಿಕೊಂಡೇನು ಎಂದು ನನ್ನ ಹೆಂಡತಿ ಸುಧಾ ಬಾಯಿಬಿಟ್ಟು ಹೇಳಿದವಳಲ್ಲ. ಆದರೆ ಶನಿವಾರ ಸಾಮಾನು ತರಲು ಹೊರಟಾಗ "ಕೊತ್ತಂಬರಿ, ಮೊಸರು, ನಿಮ್ಮ ಕಣ್ಣೀರು... ಇನ್ನೇನಾದ್ರೂ ತರೋದಿದ್ಯಾ?" ಎಂದು ಕೇಳುತ್ತಾಳಲ್ಲ, ಆ ಧಾಟಿಯಲ್ಲಿ ಎಲ್ಲವೂ ಇರುತ್ತದೆ. ನಾನು ತೆಪ್ಪಗೆ ಕಾರಿನ ಕೀಲಿ ಹುಡುಕುತ್ತೇನೆ. ಕೀಲಿ ನನ್ನ ಎದುರಿಗೇ ಇರುತ್ತದೆ, ಕಣ್ಣು ಮಂಜಾಗಿ ಕಾಣುವುದಿಲ್ಲ.

ಕಾಯಿಲೆಗೆ ಕಾರಣ ದೊಡ್ಡದೇನಲ್ಲ. ಕೊರೋನಾ ಕಾಲದಲ್ಲಿ ಅಟ್ಲಾಂಟಾ ಹತ್ತಿರದ ಸುವಾನಿಯ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಕೂತು ಕೆಲಸ ಮಾಡಲು ಶುರು ಮಾಡಿದವನು ಮತ್ತೆ ಮೇಲೆ ಏಳಲಿಲ್ಲ. ಬೆಳಗಿನಿಂದ ಸಂಜೆವರೆಗೆ ಎರಡು ಪರದೆಗಳನ್ನು ದಿಟ್ಟಿಸಿ ದಿಟ್ಟಿಸಿ, ರೆಪ್ಪೆ ಮುಚ್ಚಿ ತೆರೆಯಬೇಕೆಂಬುದೇ ಮರೆತುಹೋಯಿತು. ಮೊದಲು ಮರಳು ಬಿದ್ದಂತೆ ಕರಕರ, ಆಮೇಲೆ ಉರಿ, ಆಮೇಲೆ ಸೀಲಿಂಗ್ ಫ್ಯಾನ್ ಕಂಡರೆ ಸಿಟ್ಟು, ಕೊನೆಗೆ ಅಂಗಡಿಯಲ್ಲಿ ಸೀಸೆಗಟ್ಟಲೆ ಸಿಗುವ ಕೃತಕ ಕಣ್ಣೀರಿನ ಹನಿ. ಮೈಸೂರಿನಿಂದ ಅತ್ತೆ ಫೋನಿನಲ್ಲಿ ಹರಳೆಣ್ಣೆ ಬಿಡಿ ಎಂದರು. ಬಿಟ್ಟುಕೊಂಡೆ. ಆ ದಿನ ಮೀಟಿಂಗಿನಲ್ಲಿ ಎಲ್ಲರೂ ನನಗೆ ಎಣ್ಣೆಯ ಒಳಗಿನಿಂದ ಕಂಡರು, ನಾನು ಅವರಿಗೆ ಕುಡಿದವನಂತೆ ಕಂಡೆನೆಂದು ಆಮೇಲೆ ತಿಳಿಯಿತು.

ಉರಿ ಒಂದೇ ಆಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆ. ನನ್ನ ಸಂಕಟ ಬೇರೆಯೇ ಇತ್ತು. ನಮ್ಮ ಒಬ್ಬಳೇ ಮಗಳು ಮೇಘನಾ ಚಿಕ್ಕಂದಿನಲ್ಲೇ ನನ್ನ ಬಗ್ಗೆ ಒಂದು ತೀರ್ಮಾನಕ್ಕೆ ಬಂದುಬಿಟ್ಟಿದ್ದಳು. ಅವಳು ಮೊದಲ ದಿನ ಸ್ಕೂಲ್ ಬಸ್ ಹತ್ತಿದಾಗ ಬೀದಿಯ ಅಪ್ಪಂದಿರೆಲ್ಲ ಕಣ್ಣೊರೆಸಿಕೊಳ್ಳುತ್ತಿದ್ದರಂತೆ, ನಾನೊಬ್ಬ ಅವಳ ಬ್ಯಾಗಿನ ಜಿಪ್ ಸರಿಯಾಗಿ ಹಾಕಿದೆಯೇ ಎಂದು ಪರೀಕ್ಷಿಸುತ್ತಿದ್ದೆನಂತೆ. ಅಂದಿನಿಂದ ಗೆಳತಿಯರ ಮುಂದೆಲ್ಲ ಅವಳದು ಒಂದೇ ಮಾತು: "ನಮ್ಮಪ್ಪಂಗೆ ಅಳೋಕೆ ಬರಲ್ಲ." ಸಿಟ್ಟಿನಿಂದ ಹೇಳುತ್ತಿದ್ದುದಲ್ಲ. ಕೆಲವರ ಅಪ್ಪಂದಿರಿಗೆ ಈಜಲು ಬರುವುದಿಲ್ಲ, ನಮ್ಮಪ್ಪನಿಗೆ ಅಳಲು ಬರುವುದಿಲ್ಲ ಎಂಬಷ್ಟು ಸಹಜವಾಗಿ ಹೇಳುತ್ತಿದ್ದಳು. ಅದೇ ನನ್ನನ್ನು ಹೆಚ್ಚು ಕೊರೆಯುತ್ತಿತ್ತು.

ಮುಂದೆ ಅವಳಿಗೆ ಮದುವೆ ಗೊತ್ತಾಯಿತು. ಹುಡುಗ ನಿಖಿಲ್, ಊರು ನಾರ್ತ್ ಕ್ಯಾರೊಲೈನಾದ ರಾಲಿ. ಅಪ್ಪ ಅಮ್ಮ ಇಬ್ಬರೂ ಹುಬ್ಬಳ್ಳಿ ಕಡೆಯ ಡಾಕ್ಟರುಗಳು. ಒಂದು ದಿನ ಊಟಕ್ಕೆ ಕೂತಾಗ ಮೇಘನಾ ಇದ್ದಕ್ಕಿದ್ದಂತೆ ಕೇಳಿದಳು: "ಅಪ್ಪಾ, ನನ್ ಮದ್ವೆ ದಿನ ಆದ್ರೂ ಅಳ್ತೀಯಾ? ಜಸ್ಟ್ ಅ ಲಿಟಲ್?" ನಗುತ್ತಲೇ ಕೇಳಿದಳು, ಆದರೆ ಕೇಳಿ ನನ್ನ ಮುಖವನ್ನೇ ನೋಡುತ್ತ ಕೂತಳು. ಅವಳು ಹೋದ ಮೇಲೆ ಈ ಮನೆಯಲ್ಲಿ ಯಾರ ಶೂ ಎಡವಿ ಬಯ್ಯಲಿ ಎಂದು ನಾನು ಆಗಲೇ ಯೋಚಿಸತೊಡಗಿದ್ದೆ. ಅದನ್ನು ಹೇಳಬಹುದಾಗಿತ್ತು. ನಾನು "ಫೋಟೋಗ್ರಾಫರ್ ಬುಕ್ ಆದ್ನಾ?" ಎಂದು ಕೇಳಿದೆ. ಸುಧಾ ನನ್ನ ತಟ್ಟೆಗೆ ಹುಳಿ ಬಡಿಸಿದ ರಭಸಕ್ಕೆ ಅಂಗಿ ಹಾಳಾಯಿತು.

ಹೆಣ್ಣು ಒಪ್ಪಿಸುವ ಶಾಸ್ತ್ರ ಎಂಬುದೊಂದು ನಮ್ಮ ಮದುವೆಗಳಲ್ಲಿ ಇದೆಯಲ್ಲ, ಹುಡುಗಿಯ ಕೈಯನ್ನು ಹಾಲಿನಲ್ಲಿ ಅದ್ದಿ ಬೀಗರ ಕೈಗೆ ಇಡುವುದು, ಅಲ್ಲಿ ಕಲ್ಲುಬಂಡೆಯಂಥ ಅಪ್ಪಂದಿರೂ ಕರಗಿ ನೀರಾಗುವುದನ್ನು ನೋಡಿದ್ದೇನೆ. ಆ ಒಂದು ಗಳಿಗೆಯಲ್ಲಾದರೂ ನನ್ನ ಕಣ್ಣಲ್ಲಿ ನೀರು ಬರಬೇಕು, ಅದನ್ನು ಮಗಳು ನೋಡಬೇಕು. ಬಾಯಿಂದಂತೂ ಹೇಳುವ ಜಾತಿ ನನ್ನದಲ್ಲ, ಕಣ್ಣಾದರೂ ಹೇಳಲಿ. ಈ ದುರಾಸೆಯನ್ನು ಒಳಗಿಟ್ಟುಕೊಂಡೇ ನಾನು ಲಾರೆನ್ಸ್‌ವಿಲ್‌ನ ಕಣ್ಣಿನ ಡಾಕ್ಟರ ಬಳಿಗೆ ಹೋದದ್ದು.

ಡಾಕ್ಟರು ನನ್ನ ಮಗಳ ವಯಸ್ಸಿನ ಅಮೆರಿಕನ್ ಹುಡುಗಿ. ನನ್ನ ಕಣ್ಣಿನಲ್ಲಿ ನೀರು ತಯಾರಾಗುವುದೇ ಕಡಿಮೆ, ಆದದ್ದೂ ನಿಲ್ಲದೆ ಹರಿದುಹೋಗುತ್ತಿದೆ ಎಂದಳು. ರೆಪ್ಪೆಯ ಒಳಮೂಲೆಯಲ್ಲಿ ಸೂಜಿಮೊನೆಯಷ್ಟು ರಂಧ್ರವಿದೆಯಂತೆ, ಕಣ್ಣೀರು ಇಳಿದುಹೋಗುವ ಬಚ್ಚಲು ಅದು. ಅದಕ್ಕೊಂದು ಸಿಲಿಕೋನಿನ ಪುಟ್ಟ ಪ್ಲಗ್ ಹಾಕಿದರೆ ಇದ್ದ ನೀರು ಇದ್ದಲ್ಲೇ ನಿಲ್ಲುತ್ತದೆ. ನಮ್ಮ ಮನೆಯ ಸಿಂಕಿಗೆ ಹಾಕುವ ಬಿರಡೆಯೇ. ಎಳ್ಳಿಗಿಂತ ಚಿಕ್ಕದಾದ ಎರಡು ವಸ್ತುಗಳನ್ನು ಚಿಮುಟದಲ್ಲಿ ಹಿಡಿದು ತಂದಳು, ನಾನು ಕುರ್ಚಿಯ ಕೈ ಹಿಡಿದೆ, ಹಿಡಿದು ಮುಗಿಯುವುದರೊಳಗೆ ಕೆಲಸವೇ ಮುಗಿದಿತ್ತು. ಹೊರಡುವಾಗ ಅವಳು ಒಂದೇ ಒಂದು ಪಥ್ಯ ಹೇಳಿದಳು: ಕಣ್ಣು ಉಜ್ಜಬೇಡಿ, ಮೂಲೆಯನ್ನಂತೂ ಒತ್ತಲೇಬೇಡಿ. ಅಷ್ಟೇ ತಾನೇ ಎಂದುಕೊಂಡೆ.

ಅಷ್ಟೇ ಎಂದುಕೊಂಡವನಿಗೆ ತಾನು ಎಂಥ ಜನರ ನಡುವೆ ಹುಟ್ಟಿದವನು ಎಂಬುದು ನೆನಪಿರಬೇಕಿತ್ತು. ನಮ್ಮ ಭಕ್ತಿಯೆಲ್ಲ ಕಣ್ಣಿನ ಮೂಲಕವೇ ಒಳಗೆ ಹೋಗಬೇಕು. ಮಂಗಳಾರತಿ ಬಂದರೆ ಕಣ್ಣಿಗೊತ್ತಿಕೊಳ್ಳುತ್ತೇವೆ. ಪ್ರಸಾದದ ಹೂವು ಕೊಟ್ಟರೂ ಅಷ್ಟೇ, ತೀರ್ಥ ಕುಡಿದ ಒದ್ದೆ ಕೈಯೂ ತಲೆಗೆ ಹೋಗುವ ದಾರಿಯಲ್ಲಿ ಕಣ್ಣನ್ನು ಸವರಿಯೇ ಹೋಗಬೇಕು. ಪುಸ್ತಕಕ್ಕೆ ಕಾಲು ತಗುಲಿದರೆ ಪುಸ್ತಕ ಕಣ್ಣಿಗೆ. ನನ್ನ ಗೆಳೆಯನೊಬ್ಬ ಗ್ರೀನ್ ಕಾರ್ಡ್ ಬಂದ ದಿನ ಅದನ್ನೂ ಒತ್ತಿಕೊಂಡ. ಪ್ಲಗ್ ಹಾಕಿಸಿಕೊಂಡ ವಾರದಲ್ಲೇ ಪಕ್ಕದ ಬೀದಿಯಲ್ಲಿ ಸತ್ಯನಾರಾಯಣ ಪೂಜೆ. ಆರತಿ ತಟ್ಟೆ ಬಂತು, ಕೈ ತಾನಾಗಿ ಜ್ವಾಲೆಯ ಮೇಲೆ ಹೋಯಿತು, ತಾನಾಗಿ ಕಣ್ಣಿಗೆ ಬಂತು. ಬಲಗಣ್ಣಿನಲ್ಲಿ ಏನೋ ಜಾರಿದಂತಾಯಿತು. ಸುಧಾ ಮತ್ತು ನಾನು ಆ ಮನೆಯವರ ಜಮಖಾನೆಯ ಮೇಲೆ ಮಂಡಿಯೂರಿ ಹುಡುಕಿದ್ದೇ ಹುಡುಕಿದ್ದು. ಪ್ರಸಾದಕ್ಕೆ ಮಾಡಿದ್ದ ಸಪಾದ ಭಕ್ಷ್ಯದಲ್ಲಿ ಬಿದ್ದಿರಬಹುದೆಂಬ ಅನುಮಾನವನ್ನು ನಾನು ಯಾರಿಗೂ ಹೇಳಲಿಲ್ಲ.

"ಹೇಗೆ ಬಿತ್ತು?" ಎಂದು ಡಾಕ್ಟರು ಕೇಳಿದಳು. ಬೆಂಕಿಯನ್ನು ಮುಟ್ಟಿ ಆ ಕೈಯನ್ನು ಕಣ್ಣಿಗೆ ಇಟ್ಟುಕೊಂಡೆ ಎಂದು ಇಂಗ್ಲಿಷಿನಲ್ಲಿ ವಿವರಿಸಿದೆ. ಮಾತು ಮುಗಿದ ಮೇಲೆ ನನಗೇ ನನ್ನ ಬಗ್ಗೆ ಕಳವಳವಾಯಿತು. ಅವಳು ಎರಡೂ ಕಣ್ಣಿಗೆ ಒಂದು ಅಳತೆ ದೊಡ್ಡ ಪ್ಲಗ್ ಹಾಕಿದಳು.

ಇದು ಜಗ್ಗಲಿಲ್ಲ. ಜಗ್ಗದ್ದೇ ಹೊಸ ತಾಪತ್ರಯವಾಯಿತು. ಒಣಗಿದ ಕೆರೆ ಕೋಡಿ ಬಿತ್ತು. ಎಸಿ ಗಾಳಿ ತಾಕಿದರೆ ಕೆನ್ನೆಯ ಮೇಲೆ ಎರಡು ಧಾರೆ. ಅಂಗಡಿಯಲ್ಲಿ ಬೆಂಡೆಕಾಯಿ ಆರಿಸುತ್ತಿದ್ದಾಗ ಅಪರಿಚಿತ ಹೆಂಗಸೊಬ್ಬಳು ನನ್ನ ಭುಜ ತಟ್ಟಿ ಎಲ್ಲ ಸರಿಹೋಗುತ್ತದೆ ಎಂದಳು. ಕ್ಯಾಮೆರಾದಲ್ಲಿ ನನ್ನ ಮುಖ ನೋಡಿದ ಮ್ಯಾನೇಜರ್ ಮೀಟಿಂಗ್ ನಿಲ್ಲಿಸಿ, ಬೇಕಾದರೆ ಕೆಲವು ದಿನ ರಜೆ ತಗೊಳ್ಳಿ ಎಂದ. ಎಲ್ಲೆಡೆ ಜನರ ಕೆಲಸ ಹೋಗುತ್ತಿದ್ದ ಆ ಕಾಲದಲ್ಲಿ ಮ್ಯಾನೇಜರುಗಳು ರಜೆಯ ಮಾತೆತ್ತಿದರೆ ನಿಜಕ್ಕೂ ಅಳು ಬರುವಂತಿತ್ತು. ಎಲ್ಲರಿಗೂ ಹೇಳಿ ಹೇಳಿ "ಇದು ಅಳು ಅಲ್ಲ, ಪ್ಲಗ್ಗು" ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲೇ ಮನೆ ಮಾಡಿತು. ಮೇಘನಾಗೂ ಹೇಳಿದ್ದೆ. ಅವಳು "ಕೂಲ್" ಎಂದು ನನ್ನ ರೆಪ್ಪೆ ಎಳೆದು ನೋಡಿ ಫೋಟೋ ತೆಗೆದುಕೊಂಡಳು. ಆಗ ನನಗೆ ಹೊಳೆಯಿತು. ಬೆಂಡೆಕಾಯಿಗೂ ಹರಿಯುವ ನೀರು ಮಗಳ ಮದುವೆಯಲ್ಲಿ ಹರಿದರೆ ಅದಕ್ಕೇನು ಬೆಲೆ? ಇಲ್ಲದಾಗಲೂ ಕೆಟ್ಟೆ, ಬಂದಾಗಲೂ ಕೆಟ್ಟೆ. ಹಾಗೆಂದು ಬಿರಡೆ ತೆಗೆಸಿದರೆ ಮತ್ತೆ ಮರಳು, ಮತ್ತೆ ಒಣ ಮುಖ.

ಮದುವೆ ಶನಿವಾರ. ಅಂದು ಬೆಳಗಿನ ಇಡ್ಲಿಯ ಮುಂದೆಯೇ ನಾನು ಅಳುತ್ತ ಕೂತಿದ್ದೆ. ನಿಖಿಲನ ತಾಯಿ ಗಾಬರಿಯಾಗಿ ಓಡಿ ಬಂದರು. "ಯಾಕ್ರೀ ಬೀಗ್ರ, ಮುಂಜಾನಿಂದ ಹಿಂಗ ಅಳ್ಳಿಕತ್ತೀರಲ್ಲ? ನಾವೇನು ನಿಮ್ಮ ಮಗಳನ್ನ ಕಾಡಿಗೆ ಕರ್ಕೊಂಡು ಹೊಂಟೀವೇನ್ರೀ? ರಾಲಿ ಐತಿ, ಕಾರಾಗ ಬಂದ್ರ ಮಧ್ಯಾಹ್ನದ ಊಟಕ್ಕ ಮುಟ್ತೀರಿ!" ನಾನು ಪ್ಲಗ್ಗಿನ ಕಥೆ ಹೇಳಿದೆ. ಅವರು ಡಾಕ್ಟರಾದ್ದರಿಂದ ಮಿಕ್ಕವರಿಗೆ ಅವರೇ ಹೇಳುವ ಭಾರ ಹೊತ್ತರು. ಕಾಶೀಯಾತ್ರೆಯ ಹೊತ್ತಿಗೆ ಇಡೀ ಮದುವೆಮನೆಗೆ ನನ್ನ ಕಣ್ಣೀರು ಸುಳ್ಳೆಂದು ತಿಳಿದಿತ್ತು. ಪುರೋಹಿತರಿಗೆ ಮಾತ್ರ ಸುದ್ದಿ ತಲುಪಿರಲಿಲ್ಲ. ಅವರು ಮಂತ್ರ ನಿಲ್ಲಿಸಿ, "ಸ್ವಲ್ಪ ತಡ್ಕೊಳ್ಳಿ ಸರ್, ಅಳೋದು ಕೊನೇಲಿದೆ" ಎಂದರು.

ಕೊನೆಯವರೆಗೆ ನನ್ನ ಕೈ ಸುಮ್ಮನಿರಬೇಕಲ್ಲ. ತಾಳಿಯ ತಟ್ಟೆ ಹಿರಿಯರ ಮುಂದೆ ಬಂತು, ಮುಟ್ಟಿ ಕಣ್ಣಿಗೊತ್ತಿಕೊಂಡೆ. ಆರತಿ ಬಂತು, ಒತ್ತಿಕೊಂಡೆ. "ರೀ, ಕಣ್ಣು!" ಎಂದು ಸುಧಾ ಹಲ್ಲು ಕಚ್ಚಿ ಹೇಳಿದಾಗಲೆಲ್ಲ ಕೈ ಆಗಲೇ ಕೆಲಸ ಮುಗಿಸಿ ವಾಪಸು ಬಂದಿರುತ್ತಿತ್ತು.

ಆಮೇಲೆ ಒಪ್ಪಿಸುವ ಶಾಸ್ತ್ರ. ಮೇಘನಾಳ ಕೈ ಹಾಲಿನಲ್ಲಿತ್ತು, ಅದರ ಕೆಳಗೆ ನನ್ನ ಕೈ. ಮದರಂಗಿಯ ಆ ಬೆರಳುಗಳನ್ನು ಹಿಡಿದು ರಸ್ತೆ ದಾಟಿಸಿದ್ದೆ ಎಂಬುದಷ್ಟೇ ನೆನಪಾದದ್ದು. ಎದೆಯಿಂದ ಏನೋ ಕಿತ್ತುಕೊಂಡು ಬಂತು. ಹೆಗಲು ಅಲುಗಿತು, ಶಲ್ಯವನ್ನು ಮುಖಕ್ಕೆ ಒತ್ತಿಕೊಂಡೆ. ಮೇಘನಾ ತಲೆಯೆತ್ತಿ ನೋಡಿದಳು. ಅವಳ ಕಣ್ಣಲ್ಲೂ ನೀರಿತ್ತು. ಬಹಳ ಮೆಲ್ಲಗೆ ಕೇಳಿದಳು:

"ಅಪ್ಪಾ... ಇದೂ ಪ್ಲಗ್ಗಾ?"

ನನ್ನ ನಾಲಿಗೆಗೆ ಬೆಂಕಿ ಬೀಳಲಿ. "ಹೂಂ ಪುಟ್ಟಿ, ಪ್ಲಗ್ಗು" ಎಂದೆ.

"ಓ. ಓಕೆ" ಎಂದಳು. ಸೆರಗಿನ ತುದಿಯಿಂದ ನನ್ನ ಕೆನ್ನೆ ಒರೆಸಿದಳು, ಒದ್ದೆಯಾದ ಶಲ್ಯ ಹೆಗಲ ಮೇಲೆ ಸರಿಮಾಡಿದಳು, ಕಾರು ಹತ್ತಿ ಹೋದಳು. ಕಾರು ತಿರುಗಿದ ಮೇಲೂ ನಾನು ಕೈ ಬೀಸುತ್ತ ನಿಂತಿದ್ದೆ. ಓಡಿಹೋಗಿ ಕಿಟಕಿ ಬಡಿದು ಹೇಳಬೇಕಾಗಿತ್ತು. ಬೀಗರ ಎದುರು ಪಂಚೆಯಲ್ಲಿ ಓಡುವುದು ಹೇಗೆ ಎಂದು ಯೋಚಿಸುತ್ತಿರುವಾಗಲೇ ಕಾರು ಹೋಗಿತ್ತು.

ಮುಂದಿನ ವಾರ ಕಣ್ಣು ಮತ್ತೆ ಕರಕರ ಎಂದಿತು. ಡಾಕ್ಟರು ದೀಪ ಹಿಡಿದು ನೋಡಿ, "ಎರಡೂ ಪ್ಲಗ್ ಇಲ್ಲ" ಎಂದಳು. ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಯಾವಾಗ ಬಿದ್ದಿರಬಹುದು? ಶನಿವಾರ ಮಧ್ಯಾಹ್ನಕ್ಕೆ ಮುಂಚೆಯೋ, ಆಮೇಲೋ? ಅದನ್ನೆಲ್ಲ ಹೇಗೆ ಹೇಳುವುದು ಎಂದು ಅವಳು ನಕ್ಕಳು. ನಾನು ನಗಲಿಲ್ಲ. ಶನಿವಾರ ಮಗಳನ್ನು ಕಳಿಸಿಕೊಡುವಾಗ ನನ್ನ ಕಣ್ಣಲ್ಲಿ ನೀರು ಬಂತು, ಅದು ನನ್ನದೋ ಸಿಲಿಕೋನಿನದೋ ನನಗೆ ಗೊತ್ತಾಗಲೇಬೇಕು ಎಂದೆ. ಅವಳು ದೀಪ ಆರಿಸಿ ನನ್ನನ್ನೇ ನೋಡಿದಳು. "ಆಗ ಮೂಗು ಸೋರಿತ್ತಾ?" ಎಂದು ಕೇಳಿದಳು. ಕಣ್ಣೀರಿನ ಆ ಬಚ್ಚಲು ಹೋಗಿ ಸೇರುವುದು ಮೂಗಿಗೇ ಅಂತೆ. ಬಿರಡೆ ಭದ್ರವಾಗಿದ್ದರೆ ಕಣ್ಣೀರೆಲ್ಲ ಕೆನ್ನೆಯ ಮೇಲೇ ಇಳಿಯುತ್ತದೆ, ಮೂಗು ಅಷ್ಟಾಗಿ ಸೋರುವುದಿಲ್ಲ. ಸೋರಿತ್ತೆಂದರೆ ಬಿರಡೆ ಆಗಲೇ ಹೋಗಿದ್ದಿರಬೇಕು.

ಸೋರಿತ್ತಲ್ಲ! ರೇಷ್ಮೆ ಶಲ್ಯದಲ್ಲಿ ಮೂಗು ಒರೆಸಿಕೊಂಡದ್ದಕ್ಕೆ ಸುಧಾ ಭಾನುವಾರವಿಡೀ ನನ್ನನ್ನು ಬಯ್ದಿದ್ದಳು. ಇಡೀ ಜನ್ಮದಲ್ಲಿ ಬಯ್ಗುಳ ನೆನೆಸಿಕೊಂಡು ನಾನು ಅಷ್ಟು ಸಂತೋಷಪಟ್ಟಿಲ್ಲ. ಹೊಸ ಪ್ಲಗ್ ಆಮೇಲೆ ಹಾಕಿಸುತ್ತೇನೆಂದು ಹೇಳಿ ಹೊರಗೆ ಬಂದು, ಪಾರ್ಕಿಂಗ್ ಲಾಟಿನಲ್ಲಿ ಕಾರಿನೊಳಗೆ ಕೂತು ರಾಲಿಗೆ ಫೋನ್ ಮಾಡಿದೆ.

"ಹಾಯ್ ಅಪ್ಪಾ! ಎವೆರಿಥಿಂಗ್ ಓಕೆ?"

"ಊಟ ಆಯ್ತಾ ಪುಟ್ಟಿ?"

"ತಿಂತಿದೀನಿ. ವಾಟ್ಸ್ ಅಪ್?"

ಹೇಳಬೇಕಾದ್ದು ಒಂದೇ ವಾಕ್ಯ. ಗಂಟಲವರೆಗೆ ಬಂದಿತ್ತು. ಅಲ್ಲಿಂದ ಅದು ಹೇಗೆ ದಾರಿ ತಪ್ಪಿತೋ ದೇವರಿಗೇ ಗೊತ್ತು. "ಏನಿಲ್ಲ... ಶನಿವಾರ ನಿನ್ನ ಕಳಿಸ್ಬೇಕಾದ್ರೆ... ನನಗೆ ಮೂಗು ಸೋರ್ತಿತ್ತು" ಎಂದೆ.

ಆ ಕಡೆ ಚಮಚ ತಟ್ಟೆಗೆ ತಾಗಿದ ಸದ್ದು. "ಇಯೂ, ಅಪ್ಪಾ! ನಾನ್ ತಿಂತಿದೀನಿ!" ಆಮೇಲೆ ದನಿ ಸ್ವಲ್ಪ ಮೆತ್ತಗಾಯಿತು. "ಅದು ಪಾಲನ್ ಅಪ್ಪಾ, ಹೂವಿನ ಪುಡಿ. ಅಟ್ಲಾಂಟಾದಲ್ಲಿ ಈಗ ತುಂಬಾ ಬ್ಯಾಡ್ ಇದೆ. ಅಲರ್ಜಿ ಮಾತ್ರೆ ತಗೋ, ಓಕೆ? ಪ್ರಾಮಿಸ್?"

ಹೂಂ ಎಂದೆ. ಮನೆಗೆ ಹೋಗುವ ದಾರಿಯಲ್ಲಿ ಅಂಗಡಿಯ ಮುಂದೆ ಕಾರು ನಿಲ್ಲಿಸಿ, ಅಲರ್ಜಿ ಮಾತ್ರೆ ಕೊಂಡುಕೊಂಡೆ.