ನಕ್ಷೆಯಲ್ಲಿ ಹಸಿರಾಗಿದ್ದ ಊರು

ಬರವನ್ನು ಆಕಾಶದಿಂದಲೇ ಗುರುತಿಸುವ ಕೆಲಸ ನಮ್ಮದು. ನಗು ಮಾತ್ರ ನೆಲಕ್ಕೆ ಇಳಿದಾಗಲೇ ಸಿಗುತ್ತದೆ.

೧. ಜಾಲಿ

ಉಪಗ್ರಹದ ನಕ್ಷೆಯಲ್ಲಿ ಬೆಳೆ ಒಣಗಿದ ಊರು ಕೆಂಪು, ಚೆನ್ನಾಗಿರುವುದು ಹಸಿರು. ಕೆಂಪು ಊರಿಗೆ ಮೊದಲು ಪರಿಹಾರದ ಮೇವು, ಜೋಳ. ಆ ವರ್ಷ ತಳಕಲ್ ಕಡೆ ಎಲ್ಲ ಕೆಂಪಾಗಿದ್ದಾಗ ಒಂದೇ ಊರು ಹಸಿರಾಗಿತ್ತು. ಕೊಪ್ಪಳದಿಂದ ನೋಡಲು ಹೋದೆ. ಸಜ್ಜೆ ಮೊಣಕಾಲೆತ್ತರಕ್ಕೇ ಒಣಗಿತ್ತು. ಹಸಿರಾಗಿದ್ದದ್ದು ಬತ್ತಿದ ಕೆರೆಯ ತುಂಬ ಬೆಳೆದ ಬಳ್ಳಾರಿ ಜಾಲಿಯ ಮುಳ್ಳುಕಂಟಿ.

ಎಮ್ಮೆ ಮೇಯಿಸುತ್ತಿದ್ದ ಮುದುಕರಿಗೆ ನಕ್ಷೆ ತೋರಿಸಿದೆ. ಮೇಲಿಂದ ಉಪಗ್ರಹ ತೆಗೆದದ್ದು ಎಂದೆ.

“ಮುಂದಿನ ಸಲ ಅದರ ಜೋಡಿ ನಮ್ಮ ಎಮ್ಮಿನೂ ಮ್ಯಾಲ ಕಳಸ್ರಿ ಸಾಹೇಬ್ರ. ಯಾವುದು ಮೇವು, ಯಾವುದು ಮುಳ್ಳು ಅಂತ ಅದು ಹೇಳತೈತಿ.”

೨. ಹೋಳಿಗೆ

“ಜಾಲಿಯ ಮಾತೊಂದೇ ಸಾಲದು. ಮನೆಗಳಲ್ಲಿ ಏನು ಉಣ್ಣುತ್ತಾರೆ, ಆ ಫಾರ್ಮೂ ತುಂಬಿ ತನ್ನಿ. ಇಲ್ಲದಿದ್ದರೆ ಊರು ಕೆಂಪು ಪಟ್ಟಿಗೆ ಸೇರುವುದಿಲ್ಲ,” ಎಂದರು ಮೇಲಧಿಕಾರಿ. ಬರುತ್ತೇನೆಂದು ಮುದುಕರಿಗೆ ಫೋನು ಮಾಡಿದೆ. ಅದೇ ತಪ್ಪಾಯಿತು.

ಅವರ ಹೆಂಡತಿ ತಾಟಿಗೆ ಹೋಳಿಗೆ ಹಾಕಿ, ಮೇಲೆ ತುಪ್ಪ ಸುರಿದರು. ಉಂಡ ಮೇಲೆ ಮೊದಲ ಪ್ರಶ್ನೆ ಕೇಳಿದೆ: ಇವತ್ತು ಮನೆಯಲ್ಲಿ ಏನು ಅಡುಗೆ? ಹೋಳಿಗೆ ಎಂದು ಒತ್ತಿದ್ದೇ ತಡ, ಟ್ಯಾಬಿನಲ್ಲಿ ಆ ಮನೆಯೂ ಹಸಿರಾಯಿತು.

“ದಿನಾ ಇದನ್ನ ಉಣ್ತೀರೇನವ್ವಾ?”

“ದಿನಾ ನೀವು ಬರ್ತೀರೇನ್ರಿ?”

೩. ತುಪ್ಪ

ಪಕ್ಕದ ಮನೆಗೆ ಹೋದೆ. “ತುಪ್ಪ ಐತೇನ್ರಿ?” ಎಂದು ಕೇಳಿದೆ.

“ಮುಂಜಾನಿತನಕ ಇತ್ರಿ. ನಿಮ್ಮ ತಾಟಿನಾಗ ಹೋತಲ್ಲ!”

ಆಚೆ ಮನೆಯದು ಬೇಳೆ, ಅದರಾಚೆಯದು ಬೆಲ್ಲ. ತಿರುಗಿ ಬಂದು ಅವ್ವನಿಗೆ ಫಾರ್ಮಿನ ಕೊನೆಯ ಪ್ರಶ್ನೆ ಕೇಳಿದೆ: ಈ ವಾರ ನೆರೆಮನೆಯಿಂದ ಕಡ ತಂದಿದ್ದೀರಾ?

ಅವ್ವ ತಾಟು ಎತ್ತಿಕೊಂಡು ಒಳಗೆ ಹೋದರು. ಮುದುಕರೇ ಹೇಳಿದರು: “ಹೋಳಿಗ್ಯಾಗ ನಮ್ಮದು ಉಪ್ಪು, ನೀರು. ಉಳಿದದ್ದು ಊರಂದು.”

ಹೋಳಿಗೆ ಅಳಿಸಿದೆ. ನಿನ್ನೆಯ ಊಟ ಕೇಳಿ, ತಂಗಳು ರೊಟ್ಟಿ, ಖಾರ ಎಂದು ಬರೆದೆ. ಉಳಿದ ಮನೆಗಳದ್ದೂ ಹೆಚ್ಚುಕಡಿಮೆ ಅದೇ. ಹದಿನೈದು ದಿನದಲ್ಲಿ ಊರು ಕೆಂಪು ಪಟ್ಟಿಗೆ ಬಂತು.

ಮೇವಿನ ಮೊದಲ ಲಾರಿಯ ಹಿಂದೆಯೇ ನಾನೂ ಹೋದೆ, ಫೋನು ಮಾಡದೆ. ಅವ್ವ ನನ್ನನ್ನು ಕಂಡವರೇ ಗೋಡೆಯಾಚೆ ಕೂಗಿದರು: “ಏ ತಂಗಿ, ಬ್ಯಾಳಿ ಇದ್ರ ಕೊಡವಾ, ಸಾಹೇಬ್ರು ಬಂದಾರ!”

ಮೇವು ಇಳಿಸುತ್ತಿದ್ದ ಮುದುಕರು ಆಕಾಶ ನೋಡಿ ನಿಟ್ಟುಸಿರು ಬಿಟ್ಟರು.

“ನಿಮಗಿಂತ ಆ ಮ್ಯಾಲಿಂದೇ ಛಲೋ ಐತ್ರಿ. ಜಾಲಿ ನೋಡಿ ಮೋಸ ಹೋದ್ರೂ, ಉಣ್ಣಾಕಂತೂ ಕುಂದ್ರಂಗಿಲ್ಲ.”