ತೊಟ್ಟಿಲಲ್ಲೊಬ್ಬ ಕೀಗನ್

ವಯಸ್ಸಾದ ಮೇಲೆ ಮನೆಯಲ್ಲಿ ನಮ್ಮ ಒಪೀನಿಯನ್ ಕೇಳುವುದು ಎರಡೇ ವಿಷಯಕ್ಕೆ: ಉಪ್ಪಿನಕಾಯಿಗೆ ಉಪ್ಪು ಸಾಕೇ, ಮಗುವಿಗೆ ಹೆಸರು ಯಾವುದು. ಎರಡನೆಯದನ್ನು ತೀರ್ಮಾನಿಸಿ ಆದಮೇಲೆ ಕೇಳುತ್ತಾರೆ.

ತೈಲದ ಬೆಲೆ ಕುಸಿದ ಆ ವರ್ಷ ಸೊಸೆ ಶ್ರುತಿಯ ಬಾಣಂತನಕ್ಕೆಂದು ಮಸ್ಕತ್ತಿಗೆ ಹೋಗಿದ್ದೆ. ಮೊಮ್ಮಗನಿಗೆ ಅವಳು ಆರಿಸಿದ ಹೆಸರು ಕೀಗನ್. ಐರಿಷ್ ಸರ್‌ನೇಮ್ ಅಂತೆ, ಈಗ ಫಸ್ಟ್ ನೇಮ್ ಆಗಿ ಬಹಳ ಟ್ರೆಂಡಿಯಂತೆ. ಐರಿಷ್ ಸಿಸ್ಟರುಗಳ ಕೈಕೆಳಗೆ ಕಾನ್ವೆಂಟಿನಲ್ಲಿ ಓದಿದ ನನಗೇ ಐರ್ಲೆಂಡಿನ ಪಾಠ. ನಮ್ಮಲ್ಲಾದರೆ ಅದು ತೊಟ್ಟಿಲ ಕೂಸನ್ನು 'ದೇಶಪಾಂಡೆ, ಹಾಲು ಕುಡೀತೀಯಾ' ಎಂದು ಮುದ್ದಿಸಿದ ಹಾಗೆ. ಆದರೆ ಆ ಮನೆತನದ ಮೂಲಪುರುಷನ ಹೆಸರಿಗೆ ಬೆಂಕಿ ಎಂಬ ಅರ್ಥವಿದೆ ಎಂದಳು. ಅಗ್ನಿಯೂ ನಮ್ಮ ದೇವರೇ ಅಲ್ಲವೇ ಎಂದು ಒಲ್ಲದ ಮನಸ್ಸಿನಿಂದ ಒಪ್ಪಿಕೊಂಡೆ.

ಅಷ್ಟರಲ್ಲಿ ಮಗ ಪ್ರಶಾಂತನ ಆಫೀಸಿಗೆ ಹೊಸ ಮ್ಯಾನೇಜರ್ ಬಂದ. ಯಾರನ್ನು ಉಳಿಸುವುದು, ಯಾರಿಗೆ ಖಲಾಸ್ ಎನ್ನುವುದು ಎಂದು ತೀರ್ಮಾನಿಸಲೆಂದೇ ಬಂದವನು. ಅವನ ಹೆಸರು ಮಿಸ್ಟರ್ ಕೀಗನ್.

ಪ್ರಶಾಂತನಿಗೆ ಊಟ ಸೇರಲಿಲ್ಲ. ಇಡೀ ಡಿಪಾರ್ಟ್‌ಮೆಂಟನ್ನು ನಾಮಕರಣಕ್ಕೆ ಕರೆದಾಗಿತ್ತು, ಮರ್ಯಾದೆಗೆ ಆ ಮ್ಯಾನೇಜರನ್ನೂ. ಕಿವಿಯಲ್ಲಿ ಹೆಸರು ಹೇಳುವುದು ಹಿರಿಯಳೆಂದು ನನ್ನ ಪಾಲಿಗೆ ಬಂದಿದ್ದರಿಂದ ಅಡುಗೆಮನೆಯಲ್ಲಿ ನನ್ನನ್ನೇ ಹಿಡಿದ. "ಬೇರೆ ಏನಾದ್ರೂ ಹೇಳಿಬಿಡಮ್ಮ. ಕೆಲಸ ಉಳಿಸಿಕೊಳ್ಳೋಕೆ ಬೆಣ್ಣೆ ಹಚ್ಚಿದ ಅಂತಾರೆ. ನಮ್ಮ ಈ ರೂವಿ ಬಡಾವಣೆಯಲ್ಲಿ ತಲೆ ಎತ್ತಿ ನಡೆಯೋಕಾಗಲ್ಲ."

ಹಿಂದೆಯೇ ಶ್ರುತಿ ಬಂದಳು. "ನಾನು ಬಸುರಿಯಾದಾಗಲೇ ಆರಿಸಿದ್ದು, ಅತ್ತೆ. ಬೇಕಾದ್ರೆ ಆ ಮ್ಯಾನೇಜರೇ ತಮ್ಮ ಹೆಸರು ಬದಲಾಯಿಸಿಕೊಳ್ಳಲಿ."

ನಾಮಕರಣದ ದಿನ ತೊಟ್ಟಿಲ ಮೇಲೆ ಬಗ್ಗಿದೆ. ಆಫೀಸಿನವರ ಕಣ್ಣೆಲ್ಲ ನನ್ನ ತುಟಿಯ ಮೇಲೆ. ಗೋಡೆಗೊರಗಿ ನಿಂತ ಮಗನ ಮುಖ ನೋಡಿದರೆ ನಾಲಿಗೆ ಹೊರಳದು, ಸೊಸೆಯ ಮುಖ ನೋಡಿದರೆ ಬೇರೆ ಹೆಸರು ಬಾರದು. ಕೊನೆಗೆ ಕೀಗನ್ ಎಂದೆ. ಕೋಣೆಯಲ್ಲಿ ಯಾರೋ ಸಣ್ಣಗೆ ಕೆಮ್ಮಿದರು.

ಕೆಂಪು ಮುಖದ ಆ ಮಿಸ್ಟರ್ ಕೀಗನ್ ಹಿಗ್ಗುತ್ತಾನೆಂದುಕೊಂಡರೆ, ಹತ್ತಿರ ಬಂದು ಮೆಲ್ಲಗೆ ಇಂಗ್ಲಿಷಿನಲ್ಲಿ ಬೇಡಿಕೊಂಡ: "ದಯವಿಟ್ಟು ಬೇಡ ಮೇಡಮ್. ಈಗ ಎಷ್ಟೋ ಮನೆಗಳಲ್ಲಿ ಈ ಹೆಸರು ಹಿಡಿದು ಶಪಿಸುತ್ತಿದ್ದಾರೆ."

ನನ್ನ ಕಾನ್ವೆಂಟ್ ಇಂಗ್ಲಿಷೆಲ್ಲ ಒಟ್ಟುಗೂಡಿಸಿ, ಇದು ನಿಮ್ಮ ಹೆಸರಲ್ಲ, ನಿಮಗಿಂತ ಬಹಳ ಹಳೆಯದು, ಈಗ ನಮ್ಮ ಹುಡುಗನದು ಎಂದೆ. ಅವನು ಪಾಯಸ ಮುಟ್ಟದೆ ಹೊರಟುಹೋದ.

ಮುಂದಿನ ವಾರ ಪ್ರಶಾಂತನಿಗೂ ಖಲಾಸ್. ಬೆಣ್ಣೆ ಹಚ್ಚಿದ ಅಪವಾದವೊಂದು ತಾನಾಗಿಯೇ ತೊಳೆದುಹೋಯಿತು.

ಈಗ ಎಲ್ಲರೂ ಮೈಸೂರಿನಲ್ಲಿದ್ದೇವೆ. ಮಗ, ಸೊಸೆ ಇಬ್ಬರೂ ಮಗುವನ್ನು ಪುಟ್ಟ ಎನ್ನುತ್ತಾರೆ. ಕೀಗನ್ ಎಂದು ಬೀದಿಗೆಲ್ಲ ಕೇಳುವಂತೆ ಕರೆಯುವವಳು, ಸರಿಯಾಗಿ ಉಚ್ಚರಿಸದವರನ್ನು ತಿದ್ದುವವಳು, ಮನೆಯಲ್ಲಿ ನಾನೊಬ್ಬಳೇ.